ಕಡಿಮೆ ಬೆಲೆಯ ಫೋನು, ನಿಮ್ಮದೇ ಹೆಸರಿನ ಸಿಮ್



ಹೋದ ತಿಂಗಳು ಆಂಟಾಪ್ ಹಿಲ್‌ನಲ್ಲಿರುವ ನಮ್ಮ ಕಾಕಿಯ ಮನೆಗೆ ಹೋಗಿದ್ದೆ. ಕಾಕಿಯ ಮುಖ ಬಾಡಿತ್ತು. ಬಸ್ಸಿನ ಗದ್ದಲದಲ್ಲಿ ಫೋನು ಕಳೆದುಹೋಗಿತ್ತು. ನಾನು ಸಮಾಧಾನ ಹೇಳಹೋದರೆ, "ಫೋನ ಹೋದ್ರ ಹೋಗ್ಲಿ ಬಿಡವಾ, ನಂಬರ ಹೋತಲ್ಲ" ಎಂದು ಕಣ್ಣೊರೆಸಿಕೊಂಡರು.

ಅದೇ ನಂಬರಿನ ಬದಲಿ ಸಿಮ್ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಸಿಗುತ್ತದೆ, ನಂಬರು ನಮ್ಮ ಹೆಸರಿನಲ್ಲಿದ್ದರೆ. ಕಾಕಿಯ ನಂಬರು ಅವರ ಹೆಸರಿನಲ್ಲಿರಲಿಲ್ಲ. ಹತ್ತು ವರ್ಷಗಳ ಹಿಂದೆ ಕಾಕಾ ಕೆಲಸ ಮಾಡುತ್ತಿದ್ದ ಹೋಟೆಲಿನ ಹುಡುಗನೊಬ್ಬ ತನ್ನ ಕಾಗದಪತ್ರ ಕೊಟ್ಟು ಆ ಸಿಮ್ ತಂದುಕೊಟ್ಟಿದ್ದ. ಸಹಾಯವೆಂದೇ ಮಾಡಿದ್ದ. ಈಗ ಅವನು ಯಾವ ಊರಿನಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಬ್ಯಾಂಕಿನ ಒಟಿಪಿ, ಗ್ಯಾಸ್ ಬುಕಿಂಗ್ ಎಲ್ಲ ಆ ನಂಬರಿಗೇ. ಎಲ್ಲಕ್ಕಿಂತ ಹೆಚ್ಚಾಗಿ, ಇಂಡಿ ತಾಲ್ಲೂಕಿನ ಹಳ್ಳಿಯಲ್ಲಿರುವ ಕಾಕಿಯ ತಾಯಿಗೆ ಬಾಯಿಪಾಠವಿದ್ದದ್ದು ಆ ಒಂದೇ ನಂಬರು.

ಆದ್ದರಿಂದ ಇಂದಿನ ನನ್ನ ಮಾತು ಫೋನಿನ ಬೆಲೆಯಿಂದ ಆರಂಭವಾಗುವುದಿಲ್ಲ, ಹೆಸರಿನಿಂದ ಆರಂಭವಾಗುತ್ತದೆ.

ಮೊದಲನೆಯ ಮಾತು: ಸಿಮ್ ನಿಮ್ಮ ಹೆಸರಿನಲ್ಲೇ ಇರಲಿ. ಈಗಿರುವ ಸಿಮ್ ಮಗನ ಹೆಸರಿನಲ್ಲಿದೆಯೋ, ಪಕ್ಕದ ಖೋಲಿಯವರ ಹೆಸರಿನಲ್ಲಿದೆಯೋ ಎಂಬ ಅನುಮಾನವಿದ್ದರೆ, ನಿಮ್ಮ ಆಧಾರ್ ಹಿಡಿದುಕೊಂಡು ಕಂಪನಿಯ ಸ್ವಂತ ಅಂಗಡಿಗೆ ಹೋಗಿ ವಿಚಾರಿಸಿ. ಬೇರೆಯವರ ಹೆಸರಿನಲ್ಲಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ ಹೆಸರು ಬದಲಾಯಿಸಿಕೊಳ್ಳಿ. ಅವರು ಕೈಗೆ ಸಿಗುವಾಗಲೇ ಈ ಕೆಲಸ ಮುಗಿಸಿ.

ಹೊಸ ಸಿಮ್ ಕೊಳ್ಳುವಾಗ ಬೆರಳಚ್ಚಿನ ಬಗ್ಗೆ ಎಚ್ಚರವಿರಲಿ. "ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಒತ್ತಿ" ಎಂದು ಎರಡು ಮೂರು ಸಲ ಒತ್ತಿಸಿಕೊಂಡು, ನಿಮ್ಮ ಹೆಸರಿನಲ್ಲಿ ಇನ್ನೊಂದು ಸಿಮ್ ತೆಗೆದು ಮೋಸಗಾರರಿಗೆ ಮಾರುವವರಿದ್ದಾರೆ. ಕೇಂದ್ರ ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ 'ಸಂಚಾರ್ ಸಾಥಿ' ಎಂಬ ಜಾಲತಾಣ ತೆರೆದಿದೆ. ಅಲ್ಲಿ ನಿಮ್ಮ ನಂಬರು, ಒಟಿಪಿ ಹಾಕಿದರೆ ನಿಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂಬ ಪಟ್ಟಿ ಬರುತ್ತದೆ. ಗೊತ್ತಿಲ್ಲದ ನಂಬರು ಕಂಡರೆ "ಇದು ನನ್ನದಲ್ಲ" ಎಂದು ಅಲ್ಲೇ ತಿಳಿಸಬಹುದು.

ಎರಡನೆಯ ಮಾತು: ಎಷ್ಟು ಸಿಮ್ ಬೇಕು? ನಮ್ಮಲ್ಲಿ ಅನೇಕರು ಊರಿನದೊಂದು, ಮುಂಬಯಿಯದೊಂದು ಎಂದು ಎರಡು ಸಿಮ್ ಇಟ್ಟುಕೊಂಡಿದ್ದೇವೆ. ಮೊದಲು ಇದಕ್ಕೆ ಕಾರಣವಿತ್ತು. ಊರಿನ ಸಿಮ್ ಇಲ್ಲಿಗೆ ತಂದರೆ ಬರುವ ಕರೆಗೂ ರೋಮಿಂಗ್ ದುಡ್ಡು ಹೋಗುತ್ತಿತ್ತು. 2017ರ ಹೊತ್ತಿಗೆ ದೊಡ್ಡ ಕಂಪನಿಗಳು ದೇಶದೊಳಗಿನ ರೋಮಿಂಗ್ ಶುಲ್ಕವನ್ನು ತೆಗೆದುಹಾಕಿದವು. ಈಗ ಒಂದೇ ಸಿಮ್ ಆಂಟಾಪ್ ಹಿಲ್‌ನಲ್ಲೂ ನಡೆಯುತ್ತದೆ, ಇಂಡಿಯಲ್ಲೂ ನಡೆಯುತ್ತದೆ. ಎರಡಕ್ಕೂ ರೀಚಾರ್ಜ್ ಮಾಡುವ ಖರ್ಚು ನಿಜವಾಗಿ ಬೇಕೇ ಎಂದು ಯೋಚಿಸಿ. ಆದರೆ ಬಿಡುವ ಸಿಮ್ಮಿಗೆ ಬ್ಯಾಂಕು, ಗ್ಯಾಸು ಜೋಡಣೆಯಾಗಿದ್ದರೆ, ಮೊದಲು ಆ ನಂಬರು ಬದಲಾಯಿಸಿ ಆಮೇಲೆ ಬಿಡಿ.

ಮೂರನೆಯದು, ಯಾವ ಕಂಪನಿ? ಇದಕ್ಕೆ ಜಾಹೀರಾತು ನೋಡಬೇಡಿ, ನಿಮ್ಮ ಖೋಲಿಯನ್ನು ನೋಡಿ. ನಮ್ಮ ಚಾಳುಗಳ ಇಕ್ಕಟ್ಟು ಗಲ್ಲಿಗಳಲ್ಲಿ ರಸ್ತೆಯ ಮೇಲೆ ಚೆನ್ನಾಗಿ ಸಿಗುವ ಸಿಗ್ನಲ್ ಒಳಗೆ ಬಂದರೆ ಸಿಗದೆ ಹೋಗಬಹುದು. ನೆರೆಯವರ ಫೋನು ಕೇಳಿ ಪಡೆದು, ನಿಮ್ಮ ಅಡುಗೆಯ ಮೂಲೆಯಲ್ಲಿ ನಿಂತು ಒಂದು ಕರೆ ಮಾಡಿ ನೋಡಿ. ಊರಿನಲ್ಲಿ ಯಾವುದು ಸಿಗುತ್ತದೆ ಎಂದು ಊರಿನವರನ್ನೇ ಕೇಳಿ.

ಈಗಿರುವ ಕಂಪನಿ ಸರಿಯಿಲ್ಲವೆಂದು ನಂಬರು ಬಿಡಬೇಕಾಗಿಲ್ಲ. 2011ರ ಜನವರಿ 20ರಿಂದ ನಂಬರು ಉಳಿಸಿಕೊಂಡು ಕಂಪನಿ ಬದಲಾಯಿಸುವ ಸೌಕರ್ಯ ದೇಶವೆಲ್ಲ ಇದೆ. 2015ರ ಜುಲೈಯಿಂದ ಕರ್ನಾಟಕದ ನಂಬರನ್ನು ಮುಂಬಯಿಗೂ ತರಬಹುದು. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಿಮ್ಮ ನಂಬರು ಬರೆದು 1900ಕ್ಕೆ ಸಂದೇಶ ಕಳುಹಿಸಿ. ಬರುವ ಸಂಕೇತವನ್ನು ಹೊಸ ಕಂಪನಿಯ ಅಂಗಡಿಯಲ್ಲಿ ಕೊಡಿ. ಅದು ನಾಲ್ಕು ದಿನ ಮಾತ್ರ ನಡೆಯುತ್ತದೆ. ಈಗಿರುವ ಕಂಪನಿಯಲ್ಲಿ ನೀವು 90 ದಿನವಾದರೂ ಇದ್ದಿರಬೇಕು. ಕಂಪನಿಗಳು ಬರುತ್ತವೆ, ಹೋಗುತ್ತವೆ. ಮುಂಬಯಿಯ ಬಿಪಿಎಲ್ ಮೊಬೈಲ್ 2009ರಲ್ಲಿ ಲೂಪ್ ಆಯಿತು, 2014ರಲ್ಲಿ ಮುಚ್ಚಿಯೇ ಹೋಯಿತು. ಆಗ ಹಳೆಯ ನಂಬರು ಉಳಿಸಿಕೊಳ್ಳಲು ಜನರಿಗಿದ್ದ ದಾರಿ ಇದೇ.

ನಾಲ್ಕನೆಯದು ರೀಚಾರ್ಜ್. 28 ದಿನದ ಪ್ಯಾಕ್ ಎಂದರೆ ವರ್ಷಕ್ಕೆ 12 ಅಲ್ಲ, 13 ಸಲ ದುಡ್ಡು. ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕನ್ನಾದರೂ ಇಡಬೇಕೆಂದು ನಿಯಂತ್ರಣ ಸಂಸ್ಥೆ ಟ್ರಾಯ್ 2022ರಲ್ಲಿ ಆದೇಶಿಸಿದೆ. ಇಂಟರ್ನೆಟ್ ಬೇಡದವರಿಗೆ ಮಾತು ಮತ್ತು ಸಂದೇಶ ಮಾತ್ರ ಇರುವ ಪ್ಯಾಕ್ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಅಂಗಡಿಯವನು ತಾನಾಗಿ ಹೇಳದಿರಬಹುದು, ನೀವೇ ಬಾಯಿಬಿಟ್ಟು ಕೇಳಿ. ಬೆಲೆಯನ್ನು ದಿನಗಳಿಂದ ಭಾಗಿಸಿ ನೋಡಿ, ಯಾವುದು ಅಗ್ಗವೆಂದು ಆಗ ತಿಳಿಯುತ್ತದೆ.

ಕೊನೆಗೆ ಫೋನು. ಮಾತಿಗೆ ಮಾತ್ರ ಬೇಕಾದರೆ ಗುಂಡಿ ಒತ್ತುವ ಫೋನು ಸಾಕು. ಆದರೆ 4ಜಿ ಇರುವುದನ್ನೇ ಕೊಳ್ಳಿ. ಜಿಯೊ ಸಿಮ್ 2ಜಿ ಫೋನಿನಲ್ಲಿ ನಡೆಯುವುದಿಲ್ಲ. 2023ರಲ್ಲಿ 999 ರೂಪಾಯಿಗೆ ಬಂದ ಜಿಯೊ ಭಾರತ್ ಫೋನಿನಲ್ಲಿ ಬೇರೆ ಕಂಪನಿಯ ಸಿಮ್ ನಡೆಯುವುದಿಲ್ಲ. ಯಾವ ಸಿಮ್ ಹಾಕಿದರೂ ನಡೆಯುವ ಫೋನಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಮುಂದೆ ಆಯ್ಕೆ ನಿಮ್ಮ ಕೈಯಲ್ಲಿರುತ್ತದೆ. ಕೊಳ್ಳುವ ಮುನ್ನ ಕನ್ನಡದ ಸಂದೇಶವೊಂದನ್ನು ಅದಕ್ಕೆ ಕಳುಹಿಸಿ, ಅಕ್ಷರ ಸರಿಯಾಗಿ ಮೂಡುತ್ತದೆಯೇ ನೋಡಿ. ಎಫ್‌ಎಂ ಇದೆಯೇ ಎಂದೂ ಕೇಳಿ, ಇಲ್ಲವಾದರೆ ನಾವು ಹೇಗೆ ಭೇಟಿಯಾಗುವುದು?

ಹಳೆಯ ಫೋನು ಕೊಳ್ಳುವುದಾದರೆ ಬಿಲ್ಲಿಲ್ಲದೆ ಕೊಳ್ಳಬೇಡಿ. ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಅದು ಕದ್ದ ಫೋನಲ್ಲವೇ ಎಂದು ಸಂಚಾರ್ ಸಾಥಿಯಲ್ಲಿ ಪರೀಕ್ಷಿಸಬಹುದು. ನಿಮ್ಮ ಫೋನಿನ ಸಂಖ್ಯೆಯನ್ನೂ ಇಂದೇ ಒಂದು ಚೀಟಿಯಲ್ಲಿ ಬರೆದಿಡಿ. ಫೋನು ಕಳೆದರೆ ಪೊಲೀಸರಿಗೆ ದೂರು ಕೊಟ್ಟು ಅದನ್ನು ಬಂದ್ ಮಾಡಿಸಲು ಬೇಕಾಗುತ್ತದೆ.

ಕಾಕಿ ಈಗ ಹೊಸ ಸಿಮ್ ತೆಗೆದುಕೊಂಡಿದ್ದಾರೆ, ತಮ್ಮದೇ ಹೆಸರಿನಲ್ಲಿ. ಅದಕ್ಕಾಗಿ ಬ್ಯಾಂಕಿಗೆ ಎರಡು ಸಲ, ಗ್ಯಾಸ್ ಏಜೆನ್ಸಿಗೆ ಒಂದು ಸಲ ಅಲೆದು ಮೂರು ದಿನದ ಹೊಲಿಗೆ ಕೆಲಸ ಬಿಟ್ಟರು. ಊರಿನಲ್ಲಿ ಅವರ ತಾಯಿ ಹತ್ತು ಅಂಕಿಗಳನ್ನು ಹೊಸದಾಗಿ ಬಾಯಿಪಾಠ ಮಾಡುತ್ತಿದ್ದಾರೆ. ಏಳನೆಯ ಅಂಕಿಯವರೆಗೆ ಬಂದಿದೆಯಂತೆ.

ಇವತ್ತು ನಿಮ್ಮ ಮನೆಯಲ್ಲಿ ಒಮ್ಮೆ ಕೇಳಿ, ಈ ಫೋನಿನ ನಂಬರು ಯಾರ ಹೆಸರಿನಲ್ಲಿದೆ ಎಂದು.