ತೆನೆಹಬ್ಬದ ಊಟಕ್ಕೆ ಕುಳಿತಾಗ



ಇಂದು ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನದ ಹಬ್ಬ. ಆಶೀರ್ವದಿಸಿದ ತೆನೆಯನ್ನು ಮನೆಗೆ ಒಯ್ದು, ಕಾಳು ಸುಲಿದು ಪಾಯಸಕ್ಕೆ ಬೆರೆಸಿ ಒಟ್ಟಿಗೆ ಸವಿಯುತ್ತೇವೆ. ಹಿಂದೆ ಮುಂಬಯಿಯಲ್ಲೋ ಕೊಲ್ಲಿ ದೇಶದಲ್ಲೋ ಇದ್ದ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದೆವು. ಈಗ ಮೊಬೈಲಿನಲ್ಲಿ ಅವರ ಮುಖವೇ ಕಾಣುತ್ತದೆ. ಅದು ಭಾಗ್ಯವೇ, ಬೈಯುವುದು ಬೇಡ. ಆದರೆ ಕರೆ ಮುಗಿದ ಮೇಲೂ ಫೋನು ಬಾಳೆಎಲೆಯ ಪಕ್ಕದಲ್ಲೇ ಇರುತ್ತದೆ. ಅಜ್ಜಿ ಹಳೆಯ ಕೊಯ್ಲಿನ ಕಥೆ ಆರಂಭಿಸುತ್ತಾರೆ. ನಾವು 'ಹೂಂ' ಎನ್ನುತ್ತೇವೆ, ಕಣ್ಣು ಮಾತ್ರ ಪರದೆಯ ಮೇಲೆ. ಅವರು ಅರ್ಧಕ್ಕೇ ಸುಮ್ಮನಾದದ್ದು ನಮಗೆ ತಿಳಿಯುವುದೇ ಇಲ್ಲ. 2019ರ ಪವಿತ್ರ ಕುಟುಂಬದ ಹಬ್ಬದಂದು ಆಗಿನ ಜಗದ್ಗುರು ಫ್ರಾನ್ಸಿಸರೂ ಊಟದ ಮೇಜಿನ ಈ ಮೌನದ ಬಗ್ಗೆಯೇ ಕುಟುಂಬಗಳನ್ನು ಪ್ರಶ್ನಿಸಿದ್ದರು.

ಇವತ್ತು ಫೋನುಗಳು ಒಳಕೋಣೆಯಲ್ಲಿರಲಿ. ಕಥೆ ಎಲ್ಲಿಗೆ ನಿಂತಿತ್ತೆಂದು ಅಜ್ಜಿಯನ್ನು ಕೇಳೋಣ.