ಮಗ್ಗ ಕಾಣದ ಬಟ್ಟೆ



ತರಕಾರಿ ತಂದ ತೆಳುವಾದ ಬಣ್ಣದ ಕೈಚೀಲವೊಂದು ನಿಮ್ಮ ಮನೆಯಲ್ಲೂ ಇರಬಹುದು. ನೋಡಲು ಬಟ್ಟೆಯಂತೆಯೇ ಇರುತ್ತದೆ. ಅದನ್ನು ಬೆಳಕಿಗೆ ಹಿಡಿಯಿರಿ. ಸಾಲುಸಾಲಾಗಿ ಒತ್ತಿದ ಸಣ್ಣ ಚುಕ್ಕೆಗಳು ಕಾಣುತ್ತವೆ. ಈಗ ಕತ್ತರಿಸಿದ ಅಂಚಿನಿಂದ, ಸೀರೆಯ ಸೆರಗಿನಲ್ಲಿ ಎಳೆಯುವಂತೆ, ಒಂದು ನೂಲು ಎಳೆಯಲು ಯತ್ನಿಸಿ. ಬರುವುದಿಲ್ಲ. ಇದರಲ್ಲಿ ಹಾಸು ಇಲ್ಲ, ಹೊಕ್ಕೂ ಇಲ್ಲ. ಹಾಗಾದರೆ ಇದು ಆದದ್ದು ಹೇಗೆ?

ಉತ್ತರಕ್ಕಾಗಿ ಮೊದಲು ದಾಂಡೇಲಿಗೆ ಹೋಗೋಣ. ಅಲ್ಲಿನ ಬಂಗೂರನಗರವು ಕಾಳಿ ನದಿಯ ದಡದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯೊಂದಿಗೆ ಬೆಳೆದ ಊರು. 1955ರಲ್ಲಿ ಸ್ಥಾಪನೆಯಾದ ಈ ಕಂಪನಿ 1959ರಲ್ಲಿ ಉತ್ಪಾದನೆ ಆರಂಭಿಸಿತು. ಕಾಗದ ತಯಾರಿಕೆಯಲ್ಲಿ ಬಿದಿರು ಅಥವಾ ಮರದ ಚೂರುಗಳನ್ನು ರಾಸಾಯನಿಕಗಳೊಂದಿಗೆ ಬೇಯಿಸಿ, ನಾರನ್ನು ಬಿಡಿಸಿ, ತಿರುಳು ಮಾಡುತ್ತಾರೆ. ತಿರುಳಿಗೆ ಬಹಳಷ್ಟು ನೀರು ಬೆರೆಸಿ, ಓಡುವ ಜಾಲರಿಯ ಮೇಲೆ ಹರಿಸುತ್ತಾರೆ. ನೀರು ಕೆಳಗಿಳಿಯುತ್ತದೆ, ನಾರುಗಳು ಅಡ್ಡಾದಿಡ್ಡಿಯಾಗಿ ಒಂದರ ಮೇಲೊಂದು ಮಲಗುತ್ತವೆ. ಒತ್ತಿ ಒಣಗಿಸಿದಾಗ ನಾರಿನ ಸೆಲ್ಯುಲೋಸ್ ಅಣುಗಳು ಹೈಡ್ರೋಜನ್ ಬಂಧಗಳಿಂದ ಪರಸ್ಪರ ಹಿಡಿದುಕೊಳ್ಳುತ್ತವೆ. ಯಾರೂ ನೇಯಲಿಲ್ಲ, ಆದರೂ ಹಾಳೆಯಾಯಿತು.

ನಿಮ್ಮ ಕೈಚೀಲದ ಬಟ್ಟೆಯ ಹಿಂದಿರುವುದೂ ಇದೇ ಉಪಾಯ. ಆದರೆ ಇಲ್ಲಿ ನೀರಿನ ಕೆಲಸವನ್ನು ಗಾಳಿ ಮಾಡುತ್ತದೆ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಕಾಳುಗಳನ್ನು 200 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖದಲ್ಲಿ ಕರಗಿಸುತ್ತಾರೆ. ಆ ಪಾಕವನ್ನು ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಒತ್ತುತ್ತಾರೆ. ಅಜ್ಜಿಯ ಶಾವಿಗೆ ಒರಳನ್ನು ನೆನೆಸಿಕೊಳ್ಳಿ! ಹೊರಬಂದ ಎಳೆಗಳನ್ನು ತಂಪುಗಾಳಿ ಗಟ್ಟಿ ಮಾಡುತ್ತದೆ. ವೇಗದ ಗಾಳಿ ಅವನ್ನು ಜಗ್ಗಿ ತಲೆಕೂದಲಿಗಿಂತ ಸಪೂರ ಮಾಡುತ್ತದೆ. ಹೀಗೆ ಜಗ್ಗಿದಾಗ ಉದ್ದನೆಯ ಅಣುಗಳು ಒಂದೇ ದಿಕ್ಕಿಗೆ ಸಾಲುಗಟ್ಟುವುದರಿಂದ ಎಳೆಗೆ ಬಲ ಬರುತ್ತದೆ. ಈ ಎಳೆಗಳು ಓಡುವ ಜಾಲರಿಯ ಮೇಲೆ ಹರಡಿಕೊಳ್ಳುತ್ತವೆ. ಗಾಳಿಯನ್ನು ಜಾಲರಿಯ ಕೆಳಗಿನಿಂದ ಹೀರಿಕೊಳ್ಳುತ್ತಾರೆ.

ಕೊನೆಗೆ ಈ ಹಾಸನ್ನು ಎರಡು ಬಿಸಿ ಉರುಳೆಗಳ ನಡುವೆ ಸಾಗಿಸುತ್ತಾರೆ. ಒಂದು ಉರುಳೆ ನಯವಾದದ್ದು, ಇನ್ನೊಂದರ ಮೇಲೆ ಉಬ್ಬಿದ ಚುಕ್ಕೆಗಳಿವೆ. ಚುಕ್ಕೆ ಒತ್ತಿದ ಕಡೆ ಮಾತ್ರ ಎಳೆಗಳು ಬೆಸೆದುಕೊಳ್ಳುತ್ತವೆ. ಉಳಿದೆಡೆ ಅವು ಬಿಡಿಯಾಗಿರುವುದರಿಂದಲೇ ಬಟ್ಟೆ ಮೆತ್ತಗಿರುತ್ತದೆ, ಗಾಳಿಯಾಡುತ್ತದೆ. ಎಲ್ಲೆಡೆ ಬೆಸೆದಿದ್ದರೆ ಅದು ಬಿರುಸಾದ ಹಾಳೆಯಾಗುತ್ತಿತ್ತು. ನೀವು ನೋಡಿದ ಚುಕ್ಕೆಗಳು ಬರೀ ಅಲಂಕಾರವಲ್ಲ. ಅವೇ ಈ ಬಟ್ಟೆಯ ಗಂಟುಗಳು.

ಇನ್ನು ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಒಮ್ಮೆ ಸಂತೆಯಲ್ಲಿ ವ್ಯಾಪಾರಿಯೊಬ್ಬರು, "ಇದು ಪ್ಲಾಸ್ಟಿಕ್ ಅಲ್ರೀ ಸರ, ಬಟ್ಟೀ ಚೀಲ" ಎಂದು ಇಂಥದೊಂದನ್ನು ಕೊಟ್ಟರು. ವಿಜ್ಞಾನ ಓದಿದ ನಾನೂ ನಂಬಿದೆ. ಅದು ಹರಿದಾಗ ಹಳೆಯ ನೋಟುಪುಸ್ತಕಗಳ ಜೊತೆಗೆ ಗೊಬ್ಬರದ ಗುಂಡಿಗೆ ಹಾಕಿದೆ. ಮರುವರ್ಷ ಗುಂಡಿ ತೆಗೆದಾಗ ಕಾಗದದ ಸುಳಿವಿರಲಿಲ್ಲ. ಚೀಲ ಮಾತ್ರ ಚುಕ್ಕೆಗಳ ಸಮೇತ ಹಾಗೆಯೇ ಇತ್ತು! ಸೆಲ್ಯುಲೋಸನ್ನು ಜೀರ್ಣಿಸುವ ಕಿಣ್ವಗಳು ಮಣ್ಣಿನ ಶಿಲೀಂಧ್ರ, ಬ್ಯಾಕ್ಟೀರಿಯಾಗಳಲ್ಲಿವೆ. ಪಾಲಿಪ್ರೊಪಿಲೀನಿನ ಸರಪಳಿ ಅವಕ್ಕೆ ಸುಲಭದ ತುತ್ತಲ್ಲ. ಬಿಸಿಲಿಗೆ ಬಿದ್ದರೆ ಈ ಚೀಲ ಪುಡಿಪುಡಿಯಾಗುತ್ತದೆ, ನಿಜ. ಆದರೆ ಆ ಪುಡಿಯೂ ಪ್ಲಾಸ್ಟಿಕ್ಕೇ.

ಕಾನೂನು ಕೂಡ ಇದನ್ನು ಬಟ್ಟೆ ಎನ್ನುವುದಿಲ್ಲ. ಕೇಂದ್ರ ಸರ್ಕಾರದ 2021ರ ನಿಯಮದಲ್ಲಿ ಇದರ ಹೆಸರು 'ನೇಯದ ಪ್ಲಾಸ್ಟಿಕ್ ಚೀಲ'. ಅದರ ಪ್ರಕಾರ ಇದು ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ತೂಗಬಾರದು. ದಪ್ಪವಿದ್ದರೆ ಮತ್ತೆ ಮತ್ತೆ ಬಳಸಬಹುದಲ್ಲವೆ?

ಹಾಗೆಂದು ಈ ವಸ್ತುವನ್ನೇ ದೂರಬೇಡಿ. 2020ರ ಕೋವಿಡ್ ಕಾಲದಲ್ಲಿ ವೈದ್ಯರನ್ನೂ ದಾದಿಯರನ್ನೂ ಕಾಪಾಡಿದ ಮುಖಗವಸಿನ ಹೊರಪದರಗಳು ಇಂಥ ನೇಯದ ಬಟ್ಟೆಯವೇ. ತಪ್ಪು ವಸ್ತುವಿನದಲ್ಲ; ಒಂದನ್ನು ಇನ್ನೊಂದರ ಹೆಸರಿನಿಂದ ಕರೆಯುವ ನಮ್ಮದು.

ಇಂದು ಮನೆಯಲ್ಲಿ ಒಂದು ಪ್ರಯೋಗ ಮಾಡಿ. ಕಾಗದದ ಚೂರು, ಹಳೆಯ ಹತ್ತಿ ಬಟ್ಟೆಯ ಚೂರು, ಈ ಚೀಲದ ಚೂರು, ಮೂರನ್ನೂ ಒಂದೇ ಕುಂಡದ ಹಸಿಮಣ್ಣಿನಲ್ಲಿ ಹೂತಿಡಿ. ಆರು ತಿಂಗಳ ನಂತರ ಅಗೆದು ನೋಡಿ. ಯಾವುದು ಬಟ್ಟೆ, ಯಾವುದು ಅಲ್ಲ ಎಂಬುದನ್ನು ಮಣ್ಣೇ ಹೇಳುತ್ತದೆ.