ಮನೆಯ ಗಣಕಯಂತ್ರವೂ ಶಾಲೆಯ ಪ್ರಯೋಗಶಾಲೆಯೂ
(ಶಾಲೆಯ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಉದಕಮಂಡಲದ ಬಳಿಯ ಮುತ್ತೊರೈ ಬೆಟ್ಟದ ಇಳಿಜಾರಿನಲ್ಲಿ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕವಿರುವುದನ್ನು ನಿಮ್ಮಲ್ಲಿ ಅನೇಕರು ಕಂಡಿರುವಿರಿ. ಪ್ರೊಫೆಸರ್ ಗೋವಿಂದ ಸ್ವರೂಪರ ನೇತೃತ್ವದಲ್ಲಿ ಕಟ್ಟಲ್ಪಟ್ಟ ಅದು 1970ರಲ್ಲಿ ಕೆಲಸಕ್ಕೆ ತೊಡಗಿತು. ಆಕಾಶದಿಂದ ಬರುವ ಕ್ಷೀಣವಾದ ಅಲೆಗಳು ಅಲ್ಲಿ ಮೊದಲು ವಿದ್ಯುತ್ತಿನ ಏರಿಳಿತಗಳಾಗಿ, ಬಳಿಕ ಅಂಕಿಗಳಾಗಿ ಗಣಕಯಂತ್ರವನ್ನು ಸೇರುತ್ತವೆ. ಅಂಕಿಯಲ್ಲದೆ ಬೇರೆ ಭಾಷೆ ಆ ಯಂತ್ರಕ್ಕೆ ತಿಳಿಯದು. ಇದೇ ಕಾರ್ಯವನ್ನು ಚಿಕ್ಕ ಪ್ರಮಾಣದಲ್ಲಿ ಮಾಡುವ ದುಭಾಷಿಯೇ ಇಂಟರ್‌ಫೇಸ್ ಕಾರ್ಡು. ಅದನ್ನು ಜೋಡಿಸಿದರೆ ಮನೆಯ ಗಣಕಯಂತ್ರವೂ ಪ್ರಯೋಗಶಾಲೆಯ ಉಪಕರಣವಾಗಬಲ್ಲದು.

ಆದರೆ ಯಾವ ಕಾರ್ಡನ್ನು ಆರಿಸಬೇಕು? ಈ ವಿಷಯದಲ್ಲಿ ನಾವು ಮೊದಲು ತಪ್ಪಿದೆವೆಂಬುದನ್ನು ಮುಚ್ಚಿಡಲಾರೆವು. ನಮ್ಮ ನೀಲಗಿರಿಯಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಇಬ್ಬನಿಯು ಹೆಪ್ಪುಗಟ್ಟಿ ಚಹಾದ ಚಿಗುರು ಕರಕಾಗುವುದನ್ನು ಎಲ್ಲರೂ ಬಲ್ಲಿರಿ. ಅಂತಹ ರಾತ್ರಿಯಲ್ಲಿ ಉಷ್ಣಮಾನವು ಹೇಗೆ ಇಳಿಯುವುದೆಂದು ಬರೆದಿಡಲು ವಿದ್ಯಾರ್ಥಿಗಳು ಬಯಸಿದರು. ಪೋಷಕರೊಬ್ಬರು ತಮ್ಮ ಮನೆಯ ಗಣಕಯಂತ್ರವನ್ನು ಪ್ರೀತಿಯಿಂದ ಕೊಟ್ಟರು. ಬೆಲೆ ಅಗ್ಗವೆಂದು ನಾವು ಹಳೆಯ ಕಾರ್ಡೊಂದನ್ನು ತಂದೆವು. ಯಂತ್ರವನ್ನು ಬಿಚ್ಚಿ ನೋಡಿದರೆ, ಅದನ್ನು ಕೂರಿಸುವ ಸ್ಲಾಟೇ ಒಳಗಿರಲಿಲ್ಲ! 1981ರಲ್ಲಿ ಬಂದ ಐಬಿಎಂ ಪಿಸಿಯ ಮಾದರಿಯ ಸ್ಲಾಟುಗಳು ಇಂದಿನ ಮನೆಯ ಯಂತ್ರಗಳಲ್ಲಿ ಇಲ್ಲ; ಲ್ಯಾಪ್‌ಟಾಪಿನೊಳಗಂತೂ ಅಂತಹ ಕಾರ್ಡಿಗೆ ಸ್ಥಳವೇ ಇಲ್ಲ. ಆದುದರಿಂದ ಹೊರಗಿನಿಂದ ಯುಎಸ್‌ಬಿ ತಂತಿಯ ಮೂಲಕ ಜೋಡಿಸುವ ಸಾಧನವೇ ಶಾಲೆಗೆ ಲೇಸು. ಇದು ನಾವು ಹಣ ತೆತ್ತು ಕಲಿತ ಮೊದಲನೆಯ ಪಾಠ.

ಎರಡನೆಯದು ಸೂಕ್ಷ್ಮತೆ. 8 ಬಿಟ್ಟಿನ ಕಾರ್ಡು 5 ವೋಲ್ಟುಗಳನ್ನು 256 ಮೆಟ್ಟಿಲುಗಳಾಗಿ ಹಂಚುತ್ತದೆ. ಒಂದು ಮೆಟ್ಟಿಲು ಸುಮಾರು 20 ಮಿಲಿವೋಲ್ಟು. ಎಲ್‌ಎಂ35 ಎಂಬ ಉಷ್ಣ ಸಂವೇದಕವು ಒಂದು ಡಿಗ್ರಿಗೆ ಕೊಡುವುದು 10 ಮಿಲಿವೋಲ್ಟು ಮಾತ್ರ. ಎಂದರೆ ಈ ಕಾರ್ಡಿಗೆ ಎರಡು ಡಿಗ್ರಿಗಿಂತ ಕಡಿಮೆಯ ಅಂತರ ಕಾಣದು. 10 ಬಿಟ್ಟಿನದರಲ್ಲಿ 1024 ಮೆಟ್ಟಿಲು. ಅರ್ಧ ಡಿಗ್ರಿ ಕಾಣುವುದು. 12 ಬಿಟ್ಟಿನದರಲ್ಲಿ 4096 ಮೆಟ್ಟಿಲು. ಡಿಗ್ರಿಯ ಎಂಟನೆಯ ಒಂದು ಭಾಗವೂ ಕಾಣುವುದು.

ಮೂರನೆಯದು ವ್ಯಾಪ್ತಿ. ಆ ಸಂವೇದಕವನ್ನು ಸರಳವಾಗಿ ಜೋಡಿಸಿದರೆ 2 ಡಿಗ್ರಿಗಿಂತ ಕೆಳಗೆ ಅಳೆಯದು. ಸೊನ್ನೆಗಿಂತ ಕೆಳಗೆ ಅಳೆಯಲು ಬೇರೆ ಜೋಡಣೆ ಬೇಕು. ಆಗ ಬರುವ ಋಣ ವೋಲ್ಟನ್ನು ಕಾರ್ಡು ಓದಬೇಕು. 0ಯಿಂದ 5 ವೋಲ್ಟಿನವರೆಗೆ ಮಾತ್ರ ಓದುವ ಕಾರ್ಡು ಮಸಿನಗುಡಿಯ ಬಯಲಿನ ಹಗಲಿಗೆ ಸಾಕಾದೀತು. ಉದಕಮಂಡಲದ ಹಿಮದ ರಾತ್ರಿಗೆ ಸಾಲದು.

ನಾಲ್ಕನೆಯದು ವೇಗ. ಉಷ್ಣಮಾನವನ್ನು ನಿಮಿಷಕ್ಕೊಮ್ಮೆ ಓದಿದರೆ ಸಾಕು. ಸೆಕೆಂಡಿಗೆ 256 ಸಲ ಕಂಪಿಸುವ ಶ್ರುತಿಕವೆಯ ಅಲೆಯನ್ನು ಚಿತ್ರಿಸಬೇಕಾದರೆ ಸೆಕೆಂಡಿಗೆ ಕೆಲವು ಸಾವಿರ ಸಲ ಓದಬೇಕು.

ಐದನೆಯದು, ಸಾಧನದ ವಿನ್ಯಾಸವೂ ಅದನ್ನು ನಡೆಸುವ ಪ್ರೋಗ್ರಾಮೂ ಎಲ್ಲರಿಗೂ ದೊರೆಯುವಂತಿರಬೇಕು. ತಯಾರಿಸಿದವರು ಕೈಬಿಟ್ಟರೂ ಆಗ ಅದು ನಿರುಪಯೋಗಿಯಾಗದು. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದವರು ಶಾಲಾ ಕಾಲೇಜುಗಳಿಗೆಂದೇ ರೂಪಿಸಿದ ‘ಎಕ್ಸ್‌ಪ್‌ಐಸ್’ ಇಂತಹುದು. ಅದರ ‘ಎಕ್ಸ್‌ಪ್‌ಐಸ್-17’ ಎಂಬ ಮಾದರಿ 12 ಬಿಟ್ಟಿನದು, ಋಣ ವೋಲ್ಟುಗಳನ್ನೂ ಓದುತ್ತದೆ, ಯುಎಸ್‌ಬಿಯಿಂದಲೇ ನಡೆಯುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ: ಮನೆಯ 230 ವೋಲ್ಟಿನ ವಿದ್ಯುತ್ತನ್ನು ಇಂತಹ ಯಾವ ಸಾಧನಕ್ಕೂ ಎಂದಿಗೂ ತಾಗಿಸಕೂಡದು. ಯಂತ್ರ ಹೋದರೆ ಮತ್ತೊಂದನ್ನು ತರಬಹುದು, ಪ್ರಾಣವನ್ನು ತರಲಾಗದು.

ಪೋಷಕರೇ, ನೀವು ಕಷ್ಟದಿಂದ ದುಡಿದು ಕೊಟ್ಟ ಹಣದಿಂದ ಈ ಪ್ರಯೋಗಶಾಲೆ ನಡೆಯುತ್ತಿದೆ. ಏನನ್ನು ಅಳೆಯಬೇಕೆಂಬುದನ್ನು ಮೊದಲು ಕಾಗದದ ಮೇಲೆ ಬರೆದು, ಬಳಿಕವೇ ಅಂಗಡಿಗೆ ಹೋಗುವುದೆಂದು ನಾವೀಗ ನಿಯಮ ಮಾಡಿಕೊಂಡಿರುವೆವು. ನಮ್ಮ ತಪ್ಪಿನ ಆ ಹಳೆಯ ಕಾರ್ಡು ಬೀರುವಿನಲ್ಲಿದೆ; ಪ್ರತಿವರ್ಷವೂ ಹೊಸ ತರಗತಿಗೆ ಅದನ್ನು ತೋರಿಸಿಯೇ ಪಾಠವನ್ನು ಆರಂಭಿಸುವೆವು. ಬರುವ ಚಳಿಗಾಲದಲ್ಲಿ ನಿಮ್ಮ ಮಕ್ಕಳು ಬರೆದಿಡುವ ಅಂಕಿಗಳು ನಿಮ್ಮ ತೋಟಕ್ಕೂ ಉಪಯೋಗಕ್ಕೆ ಬರಲೆಂದು ಹಾರೈಸಿ ಮಾತನ್ನು ಮುಗಿಸುತ್ತೇವೆ.